ನೆಲದವರೇ ಪಾಲುದಾರರಾದ ತೇಲುವ ಅನಿಲ ಕಾರ್ಖಾನೆ ಮತ್ತು ಕೊಪ್ಪಳ ಸೀಮೆ

ಕೆನಡಾ ದೇಶದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಕಿಟಿಮ್ಯಾಟ್ ಎಂಬ ಪಟ್ಟಣದ ಸಮೀಪ, ಹೈಸ್ಲಾ ಎಂಬ ಮೂಲನಿವಾಸಿ ಸಮುದಾಯವು ನೈಸರ್ಗಿಕ ಅನಿಲವನ್ನು ದ್ರವವಾಗಿಸಿ ಹಡಗುಗಳಲ್ಲಿ ಹೊರದೇಶಗಳಿಗೆ ಕಳುಹಿಸುವ ತೇಲುವ ಕಾರ್ಖಾನೆಯೊಂದನ್ನು ಕಟ್ಟಿಸುತ್ತಿದೆ. ಸೀಡರ್ ಎಲ್‌ಎನ್‌ಜಿ ಎಂದು ಕರೆಯಲಾಗುವ ಈ ಯೋಜನೆಯಲ್ಲಿ ಶೇಕಡಾ 50.1ರಷ್ಟು ಒಡೆತನ ಹೈಸ್ಲಾ ಸಮುದಾಯದ್ದಾಗಿದ್ದು, ಉಳಿದ ಶೇಕಡಾ 49.9 ಪೆಂಬಿನಾ ಎಂಬ ಕೊಳವೆಮಾರ್ಗ ಕಂಪನಿಗೆ ಸೇರಿದೆ. ಸುಮಾರು 400 ಕೋಟಿ ಅಮೆರಿಕನ್ ಡಾಲರ್ ವೆಚ್ಚದ ಈ ಯೋಜನೆಗೆ ಹಣ ಹೂಡುವ ಕೊನೆಯ ತೀರ್ಮಾನವು 2024ರ ಜೂನ್ 25ರಂದು ಆಯಿತು. 2028ರ ಕೊನೆಯ ಹೊತ್ತಿಗೆ ಅದು ಕೆಲಸ ಆರಂಭಿಸಬೇಕಾಗಿದೆ. ಒಟ್ಟು ಎರಡು ಸಾವಿರದಷ್ಟೇ ಜನರಿರುವ, ಅಂದರೆ ಕುಷ್ಟಗಿ ತಾಲ್ಲೂಕಿನ ಒಂದು ನಡುಗಾತ್ರದ ಹಳ್ಳಿಯಷ್ಟು ಜನಸಂಖ್ಯೆಯ ಸಮುದಾಯವೊಂದು ಇಷ್ಟು ದೊಡ್ಡ ಉದ್ಯಮದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೇಗೆ ಪಡೆಯಿತು, ಆ ಪಾಲಿನಿಂದ ಅದಕ್ಕೆ ದಕ್ಕಿದ್ದೇನು, ದಕ್ಕದೆ ಉಳಿದದ್ದೇನು ಎಂಬುದನ್ನು ವಿಚಾರ ಮಾಡುವುದು ಈ ಭಾಷಣದ ಉದ್ದೇಶ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಕಡಲೂ ಇಲ್ಲ, ಅನಿಲದ ಬಾವಿಯೂ ಇಲ್ಲ. ಆದರೆ ಒಂದು ದೊಡ್ಡ ಅಣೆಕಟ್ಟಿಗೆ ಹಳ್ಳಿಗಳನ್ನು ಕೊಟ್ಟ, ಉಕ್ಕಿನ ಕಾರ್ಖಾನೆಗಳಿಗೆ ಹೊಲಗಳನ್ನು ಕೊಟ್ಟ, ಈಗ ಗಾಳಿ ಮತ್ತು ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಕಂಪನಿಗಳಿಗೆ ಎರೆ ಮತ್ತು ಮಸಾರಿ ಭೂಮಿಯನ್ನು ಬರೆದುಕೊಡುತ್ತಿರುವ ಸೀಮೆ ಇದು. ಈ ಉದ್ಯಮಗಳೆಲ್ಲ ಬಂದದ್ದು ಇಲ್ಲಿನ ನೀರು, ನೆಲ, ಗಾಳಿಗಳನ್ನು ನಂಬಿ. ಆದರೆ ಇವುಗಳಲ್ಲಿ ಯಾವುದರ ಆಡಳಿತ ಮಂಡಳಿಯಲ್ಲಿಯೂ ಇಲ್ಲಿನ ಊರಿನವರು ಊರಿನ ಪರವಾಗಿ ಪಾಲುದಾರರೆಂದು ಕುಳಿತಿಲ್ಲ. ಹೈಸ್ಲಾ ಜನರ ಕಥೆಯನ್ನು ಇಲ್ಲಿ ಕೇಳಬೇಕಾದ ಕಾರಣ ಇದೇ ಆಗಿದೆ.

ಮೊದಲಿಗೆ ಕಾರ್ಖಾನೆಯ ಸ್ವರೂಪವನ್ನು ತಿಳಿಯಬೇಕು. ನೈಸರ್ಗಿಕ ಅನಿಲವೆಂದರೆ ಬಹುಪಾಲು ಮೀಥೇನ್. ಮನೆಯ ಅಡುಗೆ ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳಿಗಿಂತ ಇದು ಬೇರೆ. ಕೊಳವೆಯಲ್ಲಿ ಸಾಗಿಸುವಾಗ ಇದು ಅನಿಲವಾಗಿಯೇ ಇರುತ್ತದೆ, ಆದರೆ ಸಾಗರವನ್ನು ದಾಟಿಸಬೇಕಾದಾಗ ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪಮಾನಕ್ಕೆ ತಣಿಸಿ ದ್ರವವಾಗಿಸುತ್ತಾರೆ. ಹಾಗೆ ಮಾಡಿದಾಗ ಅದರ ಗಾತ್ರವು ಸುಮಾರು 600ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಗಂಗಾವತಿಯ ಗಿರಣಿಗಳಿಂದ ಹೊರಡುವ 600 ಲಾರಿ ಅಕ್ಕಿ ಒಂದೇ ಲಾರಿಯಲ್ಲಿ ಹಿಡಿಸಿದರೆ ಸಾಗಣೆಯ ಲೆಕ್ಕವೇ ಬದಲಾಗುವಂತೆ, ಅನಿಲದ ಜಾಗತಿಕ ವ್ಯಾಪಾರವು ಸಾಧ್ಯವಾಗಿರುವುದು ಈ ಕುಗ್ಗುವಿಕೆಯಿಂದ. ಹೀಗೆ ತಣಿಸುವ ಯಂತ್ರಗಳನ್ನು ಸಾಮಾನ್ಯವಾಗಿ ದಡದ ಮೇಲೆ ನೂರಾರು ಎಕರೆ ನೆಲದಲ್ಲಿ ಸ್ಥಾಪಿಸುತ್ತಾರೆ. ತೇಲುವ ಘಟಕದಲ್ಲಾದರೆ ಅವನ್ನೆಲ್ಲ ಹಡಗಿನಂತಹ ಒಂದು ಒಡಲಿನ ಮೇಲೆ ಜೋಡಿಸಿ, ಹಡಗು ಕಟ್ಟುವ ಅಂಗಳದಲ್ಲಿಯೇ ಪೂರ್ತಿ ಮಾಡಿ, ಬೇಕಾದ ಸ್ಥಳಕ್ಕೆ ಎಳೆದು ತಂದು ಕಟ್ಟಿ ನಿಲ್ಲಿಸುತ್ತಾರೆ. ಮಲೇಷ್ಯಾದ ಪೆಟ್ರೋನಾಸ್ ಕಂಪನಿ ಈ ಬಗೆಯ ಮೊದಲ ಘಟಕವನ್ನು ನಡೆಸಿತು. ಆಸ್ಟ್ರೇಲಿಯಾದ ಕಡಲಲ್ಲಿರುವ ಪ್ರೆಲ್ಯೂಡ್ ಎಂಬ ಘಟಕವು 488 ಮೀಟರ್ ಉದ್ದವಾಗಿದೆ. ಸೀಡರ್ ಘಟಕದ ಒಡಲು ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಅಂಗಳದಲ್ಲಿ ಸಿದ್ಧವಾಗುತ್ತಿದ್ದು, ಅದು ನಡುಗಡಲಿಗೆ ಹೋಗದೆ ಡಗ್ಲಸ್ ಚಾನೆಲ್ ಎಂಬ ಕಡಲ ಚಾಚಿನಲ್ಲಿ ದಡಕ್ಕೆ ಅಂಟಿಕೊಂಡೇ ನಿಲ್ಲಲಿದೆ. ವರ್ಷಕ್ಕೆ 33 ಲಕ್ಷ ಟನ್ ಅದರ ಸಾಮರ್ಥ್ಯ. ಅನಿಲವು ಪ್ರಾಂತದ ಈಶಾನ್ಯ ಭಾಗದ ಬಾವಿಗಳಿಂದ 670 ಕಿಲೋಮೀಟರ್ ಉದ್ದದ ಕೋಸ್ಟಲ್ ಗ್ಯಾಸ್‌ಲಿಂಕ್ ಕೊಳವೆಯ ಮೂಲಕ ಬಂದು, ಅಲ್ಲಿಂದ ಸುಮಾರು 8 ಕಿಲೋಮೀಟರ್‌ಗಳ ಕವಲು ಕೊಳವೆಯಲ್ಲಿ ಘಟಕವನ್ನು ಸೇರುತ್ತದೆ.

ಹೈಸ್ಲಾ ಜನರ ಇಂದಿನ ನಿಲುವನ್ನು ಅರ್ಥಮಾಡಿಕೊಳ್ಳಲು ಕಳೆದ ಎಪ್ಪತ್ತು ವರ್ಷಗಳ ಇತಿಹಾಸವನ್ನು ತುಸು ವಿವರವಾಗಿಯೇ ನೋಡಬೇಕಾಗುತ್ತದೆ. 1950ರ ದಶಕದ ಆರಂಭದಲ್ಲಿ ಆಲ್ಕನ್ ಎಂಬ ಕಂಪನಿಯು ಕಿಟಿಮ್ಯಾಟ್‌ನಲ್ಲಿ ಅಲ್ಯೂಮಿನಿಯಂ ಕಾರ್ಖಾನೆಯನ್ನು ಕಟ್ಟಿತು. ಅದಕ್ಕೆ ಬೇಕಾದ ವಿದ್ಯುತ್ತಿಗಾಗಿ ನೆಚಾಕೊ ನದಿಗೆ ಕೆನ್ನಿ ಅಣೆಕಟ್ಟನ್ನು ಹಾಕಿ, ನೀರನ್ನು ಹಿಂದಕ್ಕೆ ತಿರುಗಿಸಿ, ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಕೆಮಾನೊ ಎಂಬಲ್ಲಿನ ವಿದ್ಯುದಾಗಾರಕ್ಕೆ ಬೀಳಿಸಲಾಯಿತು. 1952ರಲ್ಲಿ ಆ ಯೋಜನೆಗಾಗಿ ಚೆಸ್ಲಾಟಾ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯವು ಕೆಲವೇ ದಿನಗಳ ಸೂಚನೆಯ ಮೇಲೆ ತನ್ನ ಮನೆಗಳನ್ನು ಬಿಟ್ಟು ಹೊರಡಬೇಕಾಯಿತು. ಅವರ ಹಿರಿಯರ ಗೋರಿಗಳು ನೀರಿನ ಪಾಲಾದವು. 1954ರಲ್ಲಿ ಕಾರ್ಖಾನೆಯಿಂದ ಅಲ್ಯೂಮಿನಿಯಂ ಹೊರಬಂದಿತು. ನಂತರ ಅಲ್ಲಿಗೆ ಕಾಗದದ ತಿರುಳು ತಯಾರಿಸುವ ಕಾರ್ಖಾನೆ ಬಂದಿತು. ಹೈಸ್ಲಾ ಜನರ ಬದುಕಿಗೆ ಊಲಿಕನ್ ಎಂಬ ಸಣ್ಣ ಎಣ್ಣೆಮೀನು ಬಹು ಮುಖ್ಯವಾದದ್ದು. ವಸಂತದಲ್ಲಿ ನದಿಯನ್ನೇರಿ ಬರುತ್ತಿದ್ದ ಆ ಮೀನಿನಿಂದ ತೆಗೆದ ಕೊಬ್ಬು ಅವರಿಗೆ ಆಹಾರವಾಗಿತ್ತು, ಔಷಧವಾಗಿತ್ತು, ನೆರೆಯ ಸಮುದಾಯಗಳೊಂದಿಗಿನ ವ್ಯಾಪಾರದ ಸರಕೂ ಆಗಿತ್ತು. ಕಾರ್ಖಾನೆಯ ಕೊಳೆನೀರು ನದಿಗೆ ಸೇರಿದ ಮೇಲೆ ಮೀನಿಗೆ ಕೆಟ್ಟ ರುಚಿ ಹತ್ತಿ, 1970ರ ದಶಕದ ಆರಂಭದಲ್ಲಿಯೇ ಕಿಟಿಮ್ಯಾಟ್ ನದಿಯ ಊಲಿಕನ್ ಹಿಡಿಯುವುದು ನಿಂತುಹೋಯಿತು. ತಿರುಳಿನ ಕಾರ್ಖಾನೆಯು 2010ರಲ್ಲಿ ಬಾಗಿಲು ಮುಚ್ಚಿತು. ಇದರ ಅರ್ಥ ಸ್ಪಷ್ಟವಾಗಿದೆ: ಒಂದು ಜನಾಂಗವು ಸಾವಿರಾರು ವರ್ಷ ನೆಚ್ಚಿಕೊಂಡಿದ್ದ ಆಹಾರವನ್ನು ಸುಮಾರು ನಲವತ್ತು ವರ್ಷವಷ್ಟೇ ಬಾಳಿದ ಉದ್ಯಮವೊಂದಕ್ಕಾಗಿ, ತನ್ನನ್ನು ಯಾರೂ ಕೇಳದೆ, ಕಳೆದುಕೊಂಡಿತು.

ಕೆನ್ನಿ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿಯೇ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ಪೂರ್ತಿಯಾಗುತ್ತಿತ್ತು ಎಂಬುದು ಈ ಸೀಮೆಯ ಶ್ರೋತೃಗಳು ಗಮನಿಸಬೇಕಾದ ಸಂಗತಿ. 1945ರ ಫೆಬ್ರವರಿ 28ರಂದು ನದಿಯ ಎಡದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದವರೂ ಬಲದಂಡೆಯಲ್ಲಿ ಮದ್ರಾಸ್ ಸರ್ಕಾರದವರೂ ಅಡಿಗಲ್ಲು ಹಾಕಿದ ಆ ಕೆಲಸದಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. 54 ಸಾವಿರದಷ್ಟು ಜನರು ಮನೆಮಠಗಳನ್ನು ಬಿಟ್ಟು ಎದ್ದರು. ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿತೆಂಬುದು ನಿಜ. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಅದೇ ಜಿಲ್ಲೆಯ ಕುಷ್ಟಗಿ ಮತ್ತು ಯಲಬುರ್ಗಾಗಳು ಇಂದಿಗೂ ಬಹುಪಾಲು ಮಳೆಯನ್ನೇ ನಂಬಿ ಸಜ್ಜೆ, ಮೆಕ್ಕೆಜೋಳ, ಕಡಲೆಗಳನ್ನು ಬೆಳೆಯುತ್ತ, ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ತಾಲ್ಲೂಕುಗಳಾಗಿ ಉಳಿದಿವೆ. ಅಣೆಕಟ್ಟಿನಿಂದ ಲಾಭ ಪಡೆದವರು ಯಾರು, ಮುಳುಗಿದವರು ಯಾರು ಎಂಬ ಲೆಕ್ಕದಲ್ಲಿ ಈ ಎರಡು ಗುಂಪುಗಳು ಬಹಳ ಕಡೆ ಬೇರೆ ಬೇರೆಯೇ ಆಗಿವೆ. ಮುಳುಗಡೆಯವರಿಗೆ ಒಂದು ಸಲ ಪರಿಹಾರ ಸಂದಿತು. ಅಣೆಕಟ್ಟು ಮಾತ್ರ ಪ್ರತಿ ವರ್ಷವೂ ಫಲ ಕೊಡುತ್ತ ಬಂದಿದೆ.

ಹೈಸ್ಲಾ ಸಮುದಾಯವು ತನ್ನನ್ನು ಯಾರೂ ಕೇಳದಿದ್ದ ಆ ಕಾಲದ ಸ್ಥಿತಿಯಿಂದ ಇಂದಿನ ಒಡೆತನಕ್ಕೆ ಬಂದದ್ದು ಯಾರ ದಾನದಿಂದಲೂ ಆಗಿರಲಿಲ್ಲ. ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲದ ಬಗ್ಗೆ ಮೂಲನಿವಾಸಿಗಳು ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲವಾದ್ದರಿಂದ, ಆ ನೆಲದ ಮೇಲಿನ ಅವರ ಹಕ್ಕು ಅಳಿದಿಲ್ಲವೆಂಬ ವಾದವು ನ್ಯಾಯಾಲಯಗಳನ್ನು ಮುಟ್ಟಿತು. 1997ರ ಡೆಲ್ಗಮೂಕ್ ತೀರ್ಪಿನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಮೂಲನಿವಾಸಿಗಳ ಭೂಹಕ್ಕು ನೆಲದ ಮೇಲಿನ ನಿಜವಾದ ಹಕ್ಕೇ ಆಗಿದೆಯೆಂದು ವಿವರಿಸಿತು; 2004ರ ಹೈಡಾ ತೀರ್ಪು, ಹಕ್ಕು ಇನ್ನೂ ಸಾಬೀತಾಗದಿದ್ದರೂ ಅದಕ್ಕೆ ಧಕ್ಕೆಯಾಗಬಹುದಾದ ಕೆಲಸಕ್ಕೆ ಮುನ್ನ ಆ ಜನರೊಂದಿಗೆ ಸಮಾಲೋಚಿಸುವುದು ಸರ್ಕಾರದ ಕರ್ತವ್ಯವೆಂದಿತು. ಈ ತೀರ್ಪುಗಳಿಂದಾಗಿ ಹೈಸ್ಲಾ ಮುಖಂಡರ ಮಾತಿಗೆ ತೂಕ ಬಂದಿತು. ನಾರ್ದರ್ನ್ ಗೇಟ್‌ವೇ ಎಂಬ ಕಚ್ಚಾ ತೈಲದ ಕೊಳವೆಯು ತಮ್ಮ ಕಡಲಿಗೆ ಬರುವುದನ್ನು ಅವರು ಗಟ್ಟಿಯಾಗಿ ವಿರೋಧಿಸಿದರು. 2016ರಲ್ಲಿ ಆ ಯೋಜನೆಯನ್ನು ತಿರಸ್ಕರಿಸಲಾಯಿತು. ತೈಲ ಸೋರಿದರೆ ಕಡಲ ಚಾಚು ಸಾಯುತ್ತದೆ, ಅನಿಲ ಸೋರಿದರೆ ಹಾರಿಹೋಗುತ್ತದೆ ಎಂಬ ಲೆಕ್ಕಾಚಾರದ ಮೇಲೆ ಅವರು ಒಂದನ್ನು ಬೇಡವೆಂದು ಇನ್ನೊಂದನ್ನು ಒಪ್ಪಿದ್ದು. ನೆರೆಯಲ್ಲಿಯೇ ಬಂದ, ಶೆಲ್ ಮುಂತಾದ ದೊಡ್ಡ ಕಂಪನಿಗಳ ಎಲ್‌ಎನ್‌ಜಿ ಕೆನಡಾ ಎಂಬ ಕಾರ್ಖಾನೆಯೊಂದಿಗೆ ಮಾತುಕತೆ ನಡೆಸುವಾಗ, ಕೇವಲ ನೌಕರಿಗಳನ್ನೂ ಧನಸಹಾಯವನ್ನೂ ಕೇಳದೆ, ಕೊಳವೆಯ ಸಾಮರ್ಥ್ಯದಲ್ಲಿ ಒಂದು ಭಾಗವನ್ನು ತಮಗೆ ಬಿಟ್ಟುಕೊಡಬೇಕೆಂದು ಒಪ್ಪಿಸಿಕೊಂಡದ್ದು ಅವರ ಅತ್ಯಂತ ಜಾಣ ಹೆಜ್ಜೆಯಾಗಿತ್ತು. ಸೀಡರ್ ಯೋಜನೆಯು ಹುಟ್ಟಿದ್ದೇ ಆ ಭಾಗದಿಂದ.

ಒಡೆತನಕ್ಕೆ ಬಂಡವಾಳ ಬೇಕು, ಮತ್ತು ಅದು ಬಡ ಸಮುದಾಯಗಳ ಬಳಿ ಇರುವುದಿಲ್ಲ. ಕೆನಡಾದಲ್ಲಿ ಮೂಲನಿವಾಸಿ ಸಮುದಾಯಗಳೇ ಸೇರಿ, ಸಂಸತ್ತಿನ ಕಾನೂನಿನ ಆಧಾರದ ಮೇಲೆ ನಡೆಸುವ ಹಣಕಾಸು ಪ್ರಾಧಿಕಾರವೊಂದಿದೆ. ಅದು ಮಾರುಕಟ್ಟೆಯಲ್ಲಿ ಬಾಂಡುಗಳ ಮೂಲಕ ಹಣ ಎತ್ತಿ, ಸದಸ್ಯ ಸಮುದಾಯಗಳಿಗೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡುತ್ತದೆ. ಹೈಸ್ಲಾ ಸಮುದಾಯದ ಪಾಲಿನ ಹಣದಲ್ಲಿ ಆ ಪ್ರಾಧಿಕಾರದ ಸಾಲವೂ ಸೇರಿದೆ. ಇದರ ಜೊತೆಗೆ, ತಯಾರಾಗುವ ದ್ರವಾನಿಲವನ್ನು 20 ವರ್ಷಗಳವರೆಗೆ ಕೊಳ್ಳುವ ಅಥವಾ ಸಾಮರ್ಥ್ಯವನ್ನು ಕಾಯ್ದಿರಿಸುವ ಕರಾರುಗಳು ಮೊದಲೇ ಆಗಿದ್ದುದರಿಂದ ಸಾಲ ಕೊಡುವವರಿಗೆ ಭರವಸೆ ಸಿಕ್ಕಿತು. ಬಹುಕಾಲ ಈ ಯೋಜನೆಯನ್ನು ಮುನ್ನಡೆಸಿದ ಚುನಾಯಿತ ಮುಖ್ಯಸ್ಥೆ ಕ್ರಿಸ್ಟಲ್ ಸ್ಮಿತ್ ಅವರ ಆಡಳಿತಾವಧಿಯಲ್ಲಿ, ಘಟಕವನ್ನು ಎಲ್ಲಿ ನಿಲ್ಲಿಸಬೇಕು, ಯಂತ್ರಗಳನ್ನು ಯಾವುದರಿಂದ ತಣಿಸಬೇಕು, ಯಾವ ಶಕ್ತಿಯಿಂದ ನಡೆಸಬೇಕು ಎಂಬ ತೀರ್ಮಾನಗಳಲ್ಲಿ ಸಮುದಾಯದ ಮಾತು ನಡೆಯಿತು. ಅನಿಲವನ್ನೇ ಉರಿಸಿ ಯಂತ್ರ ತಿರುಗಿಸುವ ವಾಡಿಕೆಯನ್ನು ಬಿಟ್ಟು, ಪ್ರಾಂತದ ಜಲವಿದ್ಯುತ್ತಿನಿಂದ ನಡೆಸುವ ಮಾರ್ಗವನ್ನು ಆರಿಸಿಕೊಳ್ಳಲಾಯಿತು. ಒಡೆತನದ ನಿಜವಾದ ಪ್ರಯೋಜನವು ಲಾಭಾಂಶಕ್ಕಿಂತ ಹೆಚ್ಚಾಗಿ ಇಂತಹ ತೀರ್ಮಾನಗಳಲ್ಲಿ ಕಾಣುತ್ತದೆ. ಹೊರಗೆ ನಿಂತು ಮನವಿ ಕೊಡುವವನಿಗೆ ಕಾರ್ಖಾನೆಯ ನಕ್ಷೆಯು ಕಣ್ಣಿಗೆ ಬೀಳುವಷ್ಟರಲ್ಲಿ ಅದು ಅಚ್ಚಾಗಿ ಹೋಗಿರುತ್ತದೆ.

ಇಷ್ಟಾದರೂ ಈ ಯೋಜನೆಯನ್ನು ದೋಷವಿಲ್ಲದ ಮಾದರಿಯೆಂದು ಹೊಗಳುವುದು ಸರಿಯಾಗಲಾರದು. ಕೊಳವೆಯು ಹಾದುಬರುವ ನೆಲದಲ್ಲಿ ವೆಟ್‌ಸುವೆಟೆನ್ ಸಮುದಾಯದ ವಂಶಪಾರಂಪರ್ಯದ ಮುಖ್ಯಸ್ಥರು ಅದನ್ನು ಒಪ್ಪಲಿಲ್ಲ; ಅವರನ್ನು ಬೆಂಬಲಿಸಿ 2020ರ ಆರಂಭದಲ್ಲಿ ಕೆನಡಾದ ಹಲವೆಡೆ ರೈಲುಗಳನ್ನು ತಡೆಯಲಾಯಿತು. ಚುನಾಯಿತ ಸಮಿತಿಗಳು ಸಹಿ ಹಾಕಿದರೂ ಪರಂಪರೆಯ ಮುಖ್ಯಸ್ಥರು ನಿರಾಕರಿಸಿದ ಆ ಪ್ರಸಂಗವು, ಸಮುದಾಯದ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ ಎಂಬ ಕಠಿಣವಾದ ಪ್ರಶ್ನೆಯನ್ನು ಎತ್ತಿತು. ಅನಿಲ ಬರುವ ಈಶಾನ್ಯ ಭಾಗದಲ್ಲಿ ಬ್ಲೂಬೆರಿ ರಿವರ್ ಸಮುದಾಯವು ಹೂಡಿದ ದಾವೆಯಲ್ಲಿ, ಒಂದರ ಮೇಲೊಂದರಂತೆ ಬಂದ ಉದ್ಯಮಗಳ ಒಟ್ಟು ಪರಿಣಾಮದಿಂದ ಆ ಜನರ ಒಪ್ಪಂದದ ಹಕ್ಕುಗಳು ಅರ್ಥ ಕಳೆದುಕೊಂಡಿವೆಯೆಂದು ಪ್ರಾಂತದ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತಿತು. ದಡದಲ್ಲಿರುವವರು ಒಡೆಯರಾದಾಗಲೂ ಬಾವಿಯ ಬಳಿ ಇರುವವರು ನಷ್ಟ ಹೊರುವ ಸ್ಥಿತಿ ಹೀಗೆ ಉಳಿಯುತ್ತದೆ. ಘಟಕವು ಜಲವಿದ್ಯುತ್ತಿನಿಂದ ನಡೆದರೂ ಅದು ಮಾರುವ ಅನಿಲವು ಎಲ್ಲೋ ಒಂದೆಡೆ ಉರಿದು ಇಂಗಾಲವನ್ನು ಬಿಡುತ್ತದೆ, ದಾರಿಯಲ್ಲಿ ಸೋರುವ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಕಾಯಿಸುತ್ತದೆ. ಜಗತ್ತು ಅನಿಲವನ್ನು ಕಡಿಮೆ ಕೊಳ್ಳುವ ದಿನ ಬಂದರೆ ಸಾಲದ ಭಾರವನ್ನು ಹೊತ್ತ ಸಣ್ಣ ಸಮುದಾಯಕ್ಕೆ ಪೆಟ್ಟು ಬೀಳುತ್ತದೆ. ಪಾಲುದಾರನಾದವನು ನಷ್ಟದಲ್ಲಿಯೂ ಪಾಲುದಾರನೇ ಆಗಿರುತ್ತಾನೆ.

ಕೊಪ್ಪಳ ಜಿಲ್ಲೆಯ ಇಂದಿನ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತುಂಗಭದ್ರೆಯ ನೀರು, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು, ರೈಲುಮಾರ್ಗ ಇವು ಮೂರೂ ಹತ್ತಿರವಿದ್ದುದರಿಂದ 1990ರ ದಶಕದಿಂದ ಗಿಣಿಗೇರಾ, ಬೇವಿನಹಳ್ಳಿಗಳ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು ಬೆಳೆದವು. ಉದ್ಯೋಗ ಸಿಕ್ಕಿದ ಜೊತೆಗೆ ಹೊಗೆ, ಕರಿಬೂದಿ, ಧೂಳುಗಳ ದೂರುಗಳೂ ಬೆಳೆದವು. 2025ರ ಫೆಬ್ರವರಿಯಲ್ಲಿ ನಗರಕ್ಕೆ ತಾಗಿದಂತೆ ವರ್ಷಕ್ಕೆ ಕೋಟಿ ಟನ್‌ಗೂ ಮೀರಿದ ಸಾಮರ್ಥ್ಯದ ಹೊಸ ಉಕ್ಕಿನ ಸ್ಥಾವರವು ಬರಲಿದೆಯೆಂದು ಪ್ರಕಟವಾದಾಗ, ಅದೇ ತಿಂಗಳ 24ರಂದು ಕೊಪ್ಪಳ ಬಂದ್ ನಡೆಯಿತು; ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಜನರ ಜೊತೆ ನಿಂತರು, ಮತ್ತು ಮಾರ್ಚ್ ಆರಂಭದಲ್ಲಿ ಕೆಲಸವನ್ನು ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಬೇಡವೆನ್ನುವ ಶಕ್ತಿ ಈ ಜನರಲ್ಲಿ ಇದೆಯೆಂಬುದನ್ನು ಆ ಬಂದ್ ತೋರಿಸಿತು. ಹೈಸ್ಲಾ ಜನರಿಗೂ ಮೊದಲು ದಕ್ಕಿದ್ದು ಆ ಶಕ್ತಿಯೇ. ತೈಲದ ಕೊಳವೆಯನ್ನು ತಡೆದವರ ಮಾತನ್ನೇ ಅನಿಲದ ಕಂಪನಿಗಳು ಕೇಳಿದವು. ನಗರದ ಉಸಿರಿಗೆ ಕುತ್ತಾಗುವ ಕಾರ್ಖಾನೆಯಲ್ಲಿ ಪಾಲು ಕೊಟ್ಟರೂ ಅದು ಒಪ್ಪತಕ್ಕದ್ದಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಾಲಿನ ಮಾತು ಬರುವುದು, ಊರು ಒಪ್ಪಬಹುದಾದ ಉದ್ಯಮದ ವಿಷಯದಲ್ಲಿ ಮಾತ್ರ.

ಅಂತಹ ಉದ್ಯಮವು ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಈಗಾಗಲೇ ನಿಂತಿದೆ. ಗಾಳಿಯಿಂದಲೂ ಬಿಸಿಲಿನಿಂದಲೂ ಉತ್ಪಾದನೆಯಾಗುವ ವಿದ್ಯುತ್ತನ್ನು ಹೊರಗೆ ಸಾಗಿಸಲು 2,500 ಮೆಗಾವಾಟ್ ಸಾಮರ್ಥ್ಯದ ಪ್ರಸರಣ ವ್ಯವಸ್ಥೆಯನ್ನು ಕೊಪ್ಪಳಕ್ಕಾಗಿಯೇ ರೂಪಿಸಲಾಗಿದೆ. ಗಾಳಿಯಂತ್ರ ನಿಲ್ಲುವ ತುಂಡು ಭೂಮಿಯನ್ನು ಕಂಪನಿಗಳು ಕೊಳ್ಳುತ್ತವೆ ಅಥವಾ ಲೀಜಿಗೆ ಪಡೆಯುತ್ತವೆ. ಯಂತ್ರದ ಬುಡವಿರುವ ಹೊಲದ ರೈತನಿಗೆ ಹಣ ಬರುತ್ತದೆ, ಅದರ ಸದ್ದನ್ನೂ ಭಾರಿ ಲಾರಿಗಳು ಕೆಡಿಸಿದ ಹೊಲದ ದಾರಿಯನ್ನೂ ಸಹಿಸುವ ಬದುವಿನಾಚೆಯ ರೈತನಿಗೆ ಏನೂ ಬರುವುದಿಲ್ಲ. ಕರ್ನಾಟಕದಲ್ಲಿ ಇದಕ್ಕಿಂತ ಮೇಲಾದ ವ್ಯವಸ್ಥೆಯೆಂದು ಹೇಳಲಾಗುವ ಪಾವಗಡದ ಸೌರ ಉದ್ಯಾನದಲ್ಲಿ, ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯೊಂದಿಗೆ ಲೀಜಿಗೆ ಪಡೆಯಲಾಯಿತು. ಹೊಲ ರೈತನ ಹೆಸರಿನಲ್ಲಿಯೇ ಉಳಿದದ್ದು ದೊಡ್ಡ ಸುಧಾರಣೆಯೇ ಸರಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಬಾಡಿಗೆಯಿಲ್ಲ, ಮತ್ತು ಭೂಮಿಯನ್ನು ಲಾವಣಿ ಹಾಕಿದ ರೈತನಿಗೆ ಬೆಳೆಯ ಲೆಕ್ಕ ಕೇಳುವ ಅಧಿಕಾರ ಹೇಗೆ ಇರುವುದಿಲ್ಲವೋ ಹಾಗೆ, ಉತ್ಪಾದನೆಯಾದ ವಿದ್ಯುತ್ತಿನ ಲೆಕ್ಕದಲ್ಲಿ ಊರಿಗೆ ಮಾತಿಲ್ಲ.

ಭಾರತದ ಕಾನೂನಿನಲ್ಲಿ ಪಾಲಿನ ವಿಚಾರವು ಒಮ್ಮೆಯೂ ಬಂದಿಲ್ಲವೆಂದಲ್ಲ. 2007ರ ರಾಷ್ಟ್ರೀಯ ಪುನರ್ವಸತಿ ನೀತಿಯು, ಸಂತ್ರಸ್ತರಿಗೆ ಸಲ್ಲುವ ಹಣದ ಶೇಕಡಾ 20ರವರೆಗೆ ಕಂಪನಿಯ ಷೇರುಗಳ ರೂಪದಲ್ಲಿ ಪಡೆಯುವ ಅವಕಾಶವನ್ನು ಹೇಳಿತ್ತು. 2011ರ ಗಣಿ ಮಸೂದೆಯು ಕಲ್ಲಿದ್ದಲು ಕಂಪನಿಗಳ ಲಾಭದ ಶೇಕಡಾ 26ನ್ನು ಬಾಧಿತ ಜನರಿಗೆ ಕೊಡಬೇಕೆಂದು ಸೂಚಿಸಿತ್ತು. ಆ ಮಸೂದೆಯು ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಗಿ, 2015ರಲ್ಲಿ ಅದರ ಸ್ಥಾನಕ್ಕೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬಂದಿತು. ನಿಧಿಯನ್ನು ಖರ್ಚು ಮಾಡುವುದರಲ್ಲಿ ಅಧಿಕಾರಿಗಳ ಮಾತೇ ಹೆಚ್ಚು ನಡೆಯುವುದರಿಂದ ಅದನ್ನು ಒಡೆತನವೆನ್ನಲಾಗದು. 2013ರ ಭೂಸ್ವಾಧೀನ ಕಾನೂನು ಖಾಸಗಿ ಕಂಪನಿಗಾಗಿ ಸರ್ಕಾರವು ಭೂಮಿ ವಶಪಡಿಸಿಕೊಳ್ಳುವಾಗ ಶೇಕಡಾ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕೆನ್ನುತ್ತದೆ, ಆದರೆ ಲೀಜಿನ ಕರಾರಿಗೆ ಆ ನಿಯಮದ ರಕ್ಷಣೆಯಿಲ್ಲ. ಸಂವಿಧಾನದ 371 ಜೆ ವಿಧಿಯು ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯನ್ನೂ ಅಭಿವೃದ್ಧಿ ಮಂಡಳಿಯನ್ನೂ ಕೊಟ್ಟಿತು. ನೆಲದ ಮೇಲಿನ ಗಾಳಿ, ಬಿಸಿಲುಗಳ ಆದಾಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆದರೂ ಒಡೆತನದ ರೂಪವನ್ನು ಹುಡುಕಿಕೊಂಡು ಕೆನಡಾದವರೆಗೆ ಹೋಗಬೇಕಾಗಿಲ್ಲ. ಕೊಪ್ಪಳಕ್ಕೆ ನೆರೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿಸಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಇಂದಿಗೂ ಬಳಕೆದಾರರನ್ನೇ ಸದಸ್ಯರನ್ನಾಗಿ ಮಾಡಿಕೊಂಡು, ಅವರು ಮತ ಹಾಕಿ ಆರಿಸಿದ ಮಂಡಳಿಯ ಮೂಲಕ ಮನೆಮನೆಗೆ, ಪಂಪ್‌ಸೆಟ್‌ಗಳಿಗೆ ವಿದ್ಯುತ್ತನ್ನು ಹಂಚುತ್ತಿದೆ. ಅದರ ಚುನಾವಣೆಗಳಿಗೆ ರಾಜಕೀಯದ ಕಾವು ಹತ್ತುತ್ತದೆ ಎಂಬ ಆಕ್ಷೇಪ ನಿಜವಾದರೂ, ಹಳ್ಳಿಯ ಜನರು ವಿದ್ಯುತ್ತಿನ ಉದ್ಯಮವನ್ನು ನಡೆಸಲಾರರು ಎಂಬ ಮಾತನ್ನು ಅದು ಅರ್ಧ ಶತಮಾನದಿಂದ ಸುಳ್ಳಾಗಿಸಿದೆ. ಗಾಳಿಯ ವಿಷಯದಲ್ಲಿಯೇ ಡೆನ್ಮಾರ್ಕ್ ದೇಶವು ಇನ್ನೊಂದು ದಾರಿಯನ್ನು ತೋರಿಸಿದೆ: ಕೋಪನ್‌ಹೇಗನ್ ಬಳಿಯ ಕಡಲಿನಲ್ಲಿ 2000ನೆಯ ವರ್ಷದಲ್ಲಿ ನಿಂತ 20 ಗಾಳಿಯಂತ್ರಗಳಲ್ಲಿ ಅರ್ಧದಷ್ಟು, ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದಾಗಿದ್ದವು; 2009ರಿಂದ ಸುಮಾರು ಒಂದು ದಶಕದ ಕಾಲ ಜಾರಿಯಲ್ಲಿದ್ದ ಅಲ್ಲಿನ ಕಾನೂನು, ಹೊಸ ಗಾಳಿಯಂತ್ರಗಳ ಒಡೆತನದಲ್ಲಿ ಕನಿಷ್ಠ ಶೇಕಡಾ 20ನ್ನು ಮೊದಲು 4.5 ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಮಾರಲು ಮುಂದಿಡಬೇಕೆಂದು ವಿಧಿಸಿತ್ತು. ಯಂತ್ರದ ಬುಡದವನನ್ನಷ್ಟೇ ಅಲ್ಲದೆ ಅದರ ಸುತ್ತಲಿನವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ನಿಯಮ ಅದು.

ಇಂತಹದೊಂದು ನಿಯಮವು ಕೊಪ್ಪಳದ ಗಾಳಿಗೂ ಬೇಕಾಗಿದೆ, ಮತ್ತು ಅದರ ಷೇರು ಕೊಳ್ಳಲು ಸಣ್ಣ ರೈತರಿಗೂ ಕೂಲಿಕಾರರಿಗೂ ಸಾಧ್ಯವಾಗುವಂತೆ, ಸ್ವಸಹಾಯ ಸಂಘಗಳ ಮತ್ತು ಸಹಕಾರಿ ಬ್ಯಾಂಕುಗಳ ಮೂಲಕ ಸರ್ಕಾರದ ಜಾಮೀನಿನ ಸಾಲ ಬೇಕಾಗಿದೆ. ಅದಕ್ಕೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಗಾಳಿಯಂತ್ರ ಮತ್ತು ಸೌರಫಲಕಗಳಿಗಾಗಿ ಬರೆಯಲಾಗುವ ಲೀಜಿನ ಕರಾರುಗಳು ಇಪ್ಪತ್ತೈದು ಮೂವತ್ತು ವರ್ಷ ಹೊಲವನ್ನು ಕಟ್ಟಿಹಾಕುವ ದಸ್ತಾವೇಜುಗಳು. ಸಹಿಗೆ ಮುನ್ನ ಅವುಗಳ ಕನ್ನಡ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಬೇಕು, ಬಾಡಿಗೆಯನ್ನು ಎಕರೆಯ ಲೆಕ್ಕದ ಜೊತೆಗೆ ಮಾರಾಟವಾದ ಪ್ರತಿ ಯೂನಿಟ್ಟಿಗೂ ಜೋಡಿಸುವಂತೆ ಕೇಳಬೇಕು, ಯಂತ್ರ ಹಳತಾಗಿ ಹೊಸದನ್ನು ನಿಲ್ಲಿಸುವಾಗ ಕರಾರು ತಾನಾಗಿಯೇ ಮುಂದುವರಿಯದೆ ಮತ್ತೆ ಊರಿನ ಮುಂದೆ ಬರುವಂತೆ ಷರತ್ತು ಹಾಕಿಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವನ್ನು ಕೇಳಿದರೆ ಇಂತಹ ಷರತ್ತುಗಳನ್ನು ಬರೆಸಿಕೊಳ್ಳಲು ವಕೀಲರ ಫೀಸನ್ನು ಕೊಡಲಾಗದ ಅರ್ಹ ರೈತರಿಗೂ ದಾರಿಯಿದೆ.